ಅವ್ವನ ನಕ್ಷತ್ರ

ಹೋದ ವಾರ ಒಂದು ಸಂಜೆ ಕಾಫಿ ಕುಡಿಯುತ್ತಿದ್ದಾಗ ಮೊಮ್ಮಗಳು ತನ್ನ ಮೊಬೈಲನ್ನು ನನ್ನ ಮೂಗಿನ ತುದಿಗೆ ಹಿಡಿದಳು. ಅದರಲ್ಲಿ ಕಪ್ಪು ಆಕಾಶದ ಮೇಲೆ ಕೆನ್ನೇರಳೆ ಬಣ್ಣ ಹರಡಿಕೊಂಡಿತ್ತು. ಬಸಳೆ ಹಣ್ಣು ಹಿಚುಕಿದ ಕೈಯನ್ನು ಬಟ್ಟೆಗೆ ಒರೆಸಿದರೆ ಆಗುತ್ತದಲ್ಲ, ಹಾಗೆ. “ಅಜ್ಜಿ, ಇದು ನಕ್ಷತ್ರ ಸತ್ತ ಮೇಲೆ ಉಳಿದಿರೋದು. ಎಷ್ಟು ಚೆನ್ನಾಗಿದೆ ಅಲ್ವಾ?” ಎಂದಳು. ಚೆನ್ನಾಗಿಯೇ ಇತ್ತು. ಆದರೆ ನನ್ನ ಕೈಯ ಲೋಟ ಅಲ್ಲಾಡಿ ಕಾಫಿ ಸೀರೆಗೆ ಚೆಲ್ಲಿತು. ಎಂಬತ್ತು ದಾಟಿದವಳ ಕೈ ನಡುಗುವುದರಲ್ಲಿ ವಿಶೇಷವೇನಿದೆ? ಅವಳು ಬಟ್ಟೆ ತಂದು ಒರೆಸಿದಳು, ನಾನೂ ವಯಸ್ಸಿನ ಮೇಲೆ ಹಾಕಿ ಬಚಾವಾದೆ. ನಿಮ್ಮ ಮುಂದೆ ಮುಚ್ಚಿಡುವುದು ಏಕೆ? ಅದು ವಯಸ್ಸಿನ ನಡುಕವಲ್ಲ, ಹತ್ತು ವರ್ಷದವಳ ಭಯ.

ಕೊಡಗು ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ. ಮಡಿಕೇರಿಯಲ್ಲಿ ಮಂತ್ರಿಗಳಿದ್ದರಂತೆ, ಕೊಡ್ಲಿಪೇಟೆ ಹತ್ತಿರದ ನಮ್ಮ ಊರಿಗೆ ಮಾತ್ರ ಸರ್ಕಾರವೆಂದರೆ ಶಾಲೆಯ ಮೇಷ್ಟ್ರು. ಮೈಸೂರು ಕಡೆಯಿಂದ ಬಂದ ತೆಳ್ಳಗಿನ ಮನುಷ್ಯ, ಪಕ್ಕದ ಮನೆಯ ಜಗಲಿ ಕೋಣೆಯಲ್ಲಿ ಇದ್ದರು. ದೀಪ ಹಚ್ಚುವ ಹೊತ್ತಿಗೆ ಮಕ್ಕಳನ್ನು ಕಣಕ್ಕೆ ಕರೆದು ಆಕಾಶ ತೋರಿಸುವುದು ಅವರ ಹುಚ್ಚು. ನಮಗೋ ನಕ್ಷತ್ರವೆಂದರೆ ಮಳೆ. ಭರಣಿ, ಮೃಗಶಿರ, ಆರಿದ್ರಾ ಎಂದು ದೊಡ್ಡವರು ಹೇಳುತ್ತಿದ್ದುದು ಬಿತ್ತನೆಗೆ, ನಾಟಿಗೆ. ಆ ಹೆಸರಿನವರು ಮೇಲೆ ನಿಜವಾಗಿಯೂ ಕೂತಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

ಶಿವರಾತ್ರಿ ಕಳೆದ ಹೊಸತರಲ್ಲಿ ಒಂದು ಸಂಜೆ ಮೇಷ್ಟ್ರು ಬೆರಳು ತೋರಿಸಿದರು. “ಅಗೋ, ಕೆಂಪಗೆ ಕಾಣ್ತದಲ್ಲ, ಅದೇ ಆರಿದ್ರಾ. ಮುದಿ ನಕ್ಷತ್ರ. ಇಷ್ಟೊತ್ತಿಗೆ ಸತ್ತೇ ಹೋಗಿದ್ದರೂ ನಮಗೆ ತಿಳಿಯೋದಿಲ್ಲ. ಅದರ ಬೆಳಕು ಇಲ್ಲಿಗೆ ಬರೋದಕ್ಕೇ ನೂರಾರು ವರ್ಷ ಬೇಕು.” ಉಳಿದವರು ಬಾಯಿ ಬಿಟ್ಟುಕೊಂಡು ನೋಡಿದರು. ನನ್ನ ಎದೆ ಧಸಕ್ಕೆಂದಿತು. ನನ್ನ ಅವ್ವನ ಜನ್ಮನಕ್ಷತ್ರ ಆರಿದ್ರಾ.

ಪ್ರತಿ ಸೋಮವಾರ ಈಶ್ವರನ ಗುಡಿಯಲ್ಲಿ ಭಟ್ಟರು ಅರ್ಚನೆಗೆ ಹೆಸರು, ನಕ್ಷತ್ರ ಕೇಳುವಾಗ ಅವ್ವ ತಲೆ ತಗ್ಗಿಸಿ ಹೇಳುತ್ತಿದ್ದುದನ್ನು ನೂರು ಸಲ ಕೇಳಿದ್ದೆ. ಹುಟ್ಟಿದ ನಕ್ಷತ್ರವೇ ಸತ್ತಿದ್ದರೆ ಅವ್ವನ ಗತಿಯೇನು? ಸಾಲದ್ದಕ್ಕೆ ಅವ್ವ ಆಗ ಬಸುರಿ. ಹಿಂದಿನ ಮಳೆಗಾಲದಲ್ಲಿ ನಮ್ಮ ಕೇರಿಯ ಒಂದು ಮನೆಗೆ ಹೆರಿಗೆಗೆಂದು ಬಂದಿದ್ದ ಮಗಳೊಬ್ಬಳು ತೀರಿಕೊಂಡಿದ್ದಳು, ಕೂಸು ಉಳಿದಿತ್ತು. ಇದನ್ನೆಲ್ಲ ಜೋಡಿಸಿಕೊಳ್ಳಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ. ಲೆಕ್ಕದಲ್ಲಿ ದಡ್ಡಿಯಾದರೂ ಭಯಪಡುವುದರಲ್ಲಿ ನಾನು ತರಗತಿಗೇ ಮೊದಲಿಗಳು.

ಮಾರನೆಯ ದಿನ ಧೈರ್ಯ ಮಾಡಿ ಕೇಳಿದೆ: “ಸತ್ತ ನಕ್ಷತ್ರ ಏನು ಬಿಟ್ಟು ಹೋಗ್ತದೆ ಮೇಷ್ಟ್ರೇ?”

ಅವರಿಗೆ ಬಹಳ ಖುಷಿಯಾಯಿತು. ಅಂಥ ಪ್ರಶ್ನೆ ಕೇಳುವ ಹುಡುಗಿ ಅವರಿಗೆ ಅದುವರೆಗೂ ಸಿಕ್ಕಿರಲಿಲ್ಲವೇನೋ. “ಧೂಳು ಬಿಟ್ಟು ಹೋಗ್ತದಮ್ಮ. ತನ್ನೊಳಗೆ ಇದ್ದುದನ್ನೆಲ್ಲ ಹೊರಗೆ ಚೆಲ್ಲಿಬಿಡ್ತದೆ. ಮುಂದೆ ಆ ಧೂಳಿಂದಲೇ ಹೊಸ ನಕ್ಷತ್ರ ಹುಟ್ತದೆ. ಏನೂ ವ್ಯರ್ಥ ಆಗೋದಿಲ್ಲ!” ಎಂದರು. ಪಾಪ, ಸಮಾಧಾನದ ಮಾತೆಂದೇ ಹೇಳಿದ್ದು. ನನಗೆ ಕೇಳಿಸಿದ್ದು ಇಷ್ಟೇ: ಹಳೆಯದು ಸಾಯುತ್ತದೆ, ಹೊಸದು ಹುಟ್ಟುತ್ತದೆ. ಮನೆಗೆ ಬಂದು ಅವ್ವನ ಹೊಟ್ಟೆಯನ್ನು ನೋಡಿ, ಊಟ ಬೇಡವೆಂದು ಮಲಗಿದೆ.

ಅಂದಿನಿಂದ ದಿನಾ ಸಂಜೆ ಕಣಕ್ಕೆ ಓಡಿ ಆ ಕೆಂಪು ಚುಕ್ಕಿ ಇದೆಯೇ ಎಂದು ನೋಡುವುದೇ ಕೆಲಸವಾಯಿತು. ಅದು ದಿನದಿಂದ ದಿನಕ್ಕೆ ಪಡುವಣಕ್ಕೆ ಜಾರುತ್ತಿತ್ತು. ಬೇಸಿಗೆ ರಜೆಗೆ ಮೇಷ್ಟ್ರು ಊರಿಗೆ ಹೋದರು. ಮುಂಗಾರಿಗೆ ಮೊದಲು, ಮೋಡವಿಲ್ಲದ ಒಂದು ಸಂಜೆ ನೋಡುತ್ತೇನೆ, ಆರಿದ್ರಾ ಇಲ್ಲ! ಮಾರನೆಯ ದಿನವೂ ಇಲ್ಲ. ಸೂರ್ಯ ಆ ನಕ್ಷತ್ರದ ಕಡೆ ಸರಿದಾಗಲೇ ಆರಿದ್ರಾ ಮಳೆ ಬರುವುದು, ಆದ್ದರಿಂದ ಪ್ರತಿ ವರ್ಷವೂ ಆ ದಿನಗಳಲ್ಲಿ ಅದು ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ ಎಂಬುದು ನನಗೆ ತಿಳಿದದ್ದು ಇನ್ನೂ ಮೂವತ್ತು ವರ್ಷಗಳ ಮೇಲೆ. ಆಗ ಹೇಳುವವರು ಯಾರಿದ್ದರು? ಕೇಳುವುದಕ್ಕೂ ಹೆದರಿಕೆ. ಬಾಯಿಬಿಟ್ಟು ಆಡಿದರೆ ಆಗಿಯೇ ಬಿಡುತ್ತದೆ ಎಂಬ ಹೆದರಿಕೆ ನಿಮಗೂ ಗೊತ್ತಿರಬೇಕು.

ದಿನ ತುಂಬುತ್ತ ಬಂದಾಗ ಅವ್ವನಿಗೆ ಗುಡಿಯವರೆಗೆ ನಡೆಯಲಾಗುತ್ತಿರಲಿಲ್ಲ. ಒಂದು ಸೋಮವಾರ ಹಣ್ಣುಕಾಯಿ ಕೊಟ್ಟು, “ನನ್ನ ಹೆಸರಲ್ಲಿ ಅರ್ಚನೆ ಮಾಡಿಸ್ಕೊಂಡು ಬಾರವ್ವ” ಎಂದು ನನ್ನನ್ನೇ ಕಳಿಸಿದಳು. ಭಟ್ಟರು ಹೆಸರು ಕೇಳಿದರು, ಹೇಳಿದೆ. ನಕ್ಷತ್ರ ಕೇಳಿದರು.

“ರೋಹಿಣಿ” ಎಂದೆ.

ಭಟ್ಟರು ತಲೆಯೆತ್ತಿದರು. “ನಿಮ್ಮವ್ವಂದು ಆರಿದ್ರಾ ಅಲ್ವೇನೇ?”

“ಅಲ್ಲ ಭಟ್ರೇ, ರೋಹಿಣಿ. ಅವ್ವನೇ ಹೇಳ್ಕಳ್ಸವ್ಳೆ.”

ಆರಿದ್ರಾ ಈಶ್ವರನದೇ ನಕ್ಷತ್ರವಂತೆ. ಅವನ ಗುಡಿಯಲ್ಲೇ ನಿಂತು, ಅವನೆದುರಿಗೇ ಅದನ್ನು ಅಳಿಸಿ ಬೇರೆಯದನ್ನು ಬರೆಸಿದ ನನ್ನ ಎದೆಗಾರಿಕೆಗೆ ಈಗ ನಗು ಬರುತ್ತದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನಗುವಿನ ಕತೆಯೇ ಆಗುತ್ತಿತ್ತು. ಮಂಗಳಾರತಿಗೆ ಕಣ್ಣು ಮುಚ್ಚಿ ಇನ್ನೊಂದು ಮಾತನ್ನೂ ಕೇಳಿಕೊಂಡೆ. ಒಬ್ಬರನ್ನು ಕರೆದುಕೊಳ್ಳಲೇಬೇಕು ಅಂತಿದ್ದರೆ ಹೊಟ್ಟೆಯಲ್ಲಿರುವುದನ್ನು ಕರೆದುಕೋ, ಅವ್ವನನ್ನು ಬಿಟ್ಟುಬಿಡು.

ಆರಿದ್ರಾ ಮಳೆ ಹಿಡಿದ ಮೂರನೆಯ ದಿನ ಅವ್ವನಿಗೆ ನೋವು ಬಂತು. ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಅಡುಗೆಮನೆಯ ಒಲೆಯ ಮುಂದೆ ಕೂತು ನೀರು ಕಾಯಿಸಿದೆ. ಸೂಲಗಿತ್ತಿ ಬಾಗಿಲು ತೆರೆದಾಗಲೆಲ್ಲ ಅವಳ ಮುಖ ನೋಡುತ್ತಿದ್ದೆ, ಅವಳು ಬಿಸಿನೀರು ತೆಗೆದುಕೊಂಡು ಮತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೊನೆಗೆ ಕೂಸು ಅತ್ತಿತು. ನನಗೆ ಬೇಕಾಗಿದ್ದುದು ಆ ದನಿಯಲ್ಲ. ಅವ್ವನ ದನಿ ಕೇಳುವವರೆಗೆ, “ಬಾರವ್ವ, ತಂಗಿ ಬಂದವ್ಳೆ ನೋಡು” ಎಂದು ಅವಳು ಕರೆಯುವವರೆಗೆ ನಾನು ಉಸಿರಾಡಿದ್ದು ನೆನಪಿಲ್ಲ. ಓಡಿಹೋಗಿ ಅವ್ವನ ಕೈ ಹಿಡಿದುಕೊಂಡು ಅತ್ತೆ. ಕೂಸಿನ ಮುಖ ನೋಡಲಾಗಲಿಲ್ಲ.

ಆಮೇಲೆ ಅವಳನ್ನು ಎತ್ತಿ ಆಡಿಸಿದೆ, ಜಡೆ ಹಾಕಿದೆ, ಶಾಲೆಗೆ ಕರೆದುಕೊಂಡು ಹೋದೆ. ಆದರೆ ಅವಳು ಹುಟ್ಟಿದ ದಿನದ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದೆ. ಮದುವೆಯಾಗಿ ಸುಂಟಿಕೊಪ್ಪಕ್ಕೆ ಬಂದೆ; ತಂಗಿ ಊರಲ್ಲೇ ಉಳಿದು ಅವ್ವನನ್ನು ಕೊನೆಯವರೆಗೆ ನೋಡಿಕೊಂಡಳು. ತೊಂಬತ್ತರ ಹತ್ತಿರ ಅವ್ವ ನಿದ್ದೆಯಲ್ಲಿ ಹೋದಳು. ನನ್ನ ಗುಟ್ಟು ನನ್ನಲ್ಲೇ ಉಳಿಯಿತು.

ಆ ಚಿತ್ರ ನೋಡಿದ ಮೇಲೆ ಎರಡು ದಿನ ಸಂಜೆಯಾದರೆ ಅದೇ ಹಳೆಯ ಧಸಕ್ಕು. ನಾನೂ ಯಾವ ಹೊತ್ತಿಗೋ ಹೊರಡುವವಳು, ಇದನ್ನು ಹೊತ್ತುಕೊಂಡೇ ಹೋಗುವುದೇ? ಕೊನೆಗೆ ತಂಗಿಗೆ ಫೋನ್ ಮಾಡಿ, ಮೇಷ್ಟ್ರಿಂದ ಹಿಡಿದು ಮಂಗಳಾರತಿಯವರೆಗೆ ಒಂದೇ ಉಸಿರಿಗೆ ಹೇಳಿಬಿಟ್ಟೆ.

“ಅಯ್ಯೋ, ನಿನ್ ಮಾತ ಯಾವ ದೇವ್ರು ಕೇಳವ್ನೆ ಬಿಡಕ್ಕ” ಎಂದಳು. “ರೋಹಿಣಿ ಕತೆ ಅವ್ವಂಗೆ ಗೊತ್ತಿತ್ತು. ಭಟ್ರು ಆವಾಗ್ಲೇ ಹೇಳಿದ್ರಂತೆ.”

“ಮತ್ತೆ ನನ್ನನ್ನ ಒಂದು ಮಾತೂ ಕೇಳ್ಲಿಲ್ವಲ್ಲೇ?”

“ಕೇಳೋದೇನು? ಸಾಯೋಗಂಟ ಅರ್ಚನೆಗೆ ರೋಹಿಣಿ ಅಂತಲೇ ಹೇಳ್ಸೋಳು. ಯಾಕವ್ವ, ನಿಂದು ಆರಿದ್ರಾ ಅಲ್ವಾ ಅಂದ್ರೆ, ‘ಇದು ನನ್ ದೊಡ್ ಮಗಳು ಕೊಟ್ಟಿದ್ದು, ಇದೇ ಇರ್ಲಿ’ ಅನ್ನೋಳು.”

“ಅಕ್ಕ, ಇದ್ದೀಯಾ?” ಎಂದು ಅವಳು ಎರಡು ಸಲ ಕೇಳಿದಳು.

“ಇದ್ದೀನಿ ಕಣೆ. ನಿಂದು ಯಾವ ನಕ್ಷತ್ರ?”

“ಎಪ್ಪತ್ತು ವರ್ಷ ಆದ್ಮೇಲೆ ಕೇಳ್ತಿದ್ದೀಯಲ್ಲಕ್ಕ” ಎಂದಳು. “ಚಿತ್ತೆ.”

ಈ ಸೋಮವಾರ ಮೊಮ್ಮಗಳ ಕೈ ಹಿಡಿದು ಇಲ್ಲಿನ ದೇವಸ್ಥಾನಕ್ಕೆ ಹೋದೆ. ಅರ್ಚಕರು ಹೆಸರು ಕೇಳಿದಾಗ ತಂಗಿಯ ಹೆಸರು ಹೇಳಿದೆ. ನಕ್ಷತ್ರ ಕೇಳಿದಾಗ ನಿಜವನ್ನೇ ಹೇಳಿದೆ.