ಕೇಳಿದಷ್ಟೇ ಬಡಿಸುವ ಕ್ಯಾನು

ಬೀದಿಗೆಲ್ಲ ಅವಳು ಟೈಲರಕ್ಕ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಿಷನ್ನು, ಒಂದು ಉದ್ದನೆಯ ಕನ್ನಡಿ, ಎಷ್ಟು ಗುಡಿಸಿದರೂ ಮುಗಿಯದ ದಾರದ ಚೂರುಗಳು. ಹಿತ್ತಲಲ್ಲಿ ದೊಡ್ಡದೊಂದು ಸಿಮೆಂಟು ತೊಟ್ಟಿ. ಹಿಂದೆ ಅಲ್ಲಿ ಗಿಡ ಮಾರುವವರು ಇದ್ದರಂತೆ. ಅವರು ಹೋದರು, ತೊಟ್ಟಿ ಉಳಿಯಿತು. ಟೈಲರಕ್ಕನಿಗೆ ಖಾಲಿ ಬಿದ್ದದ್ದನ್ನು ಕಂಡರೆ ಕೈ ತುರಿಸುತ್ತಿತ್ತು. ಮಿಕ್ಕ ಬಟ್ಟೆಯಲ್ಲಿ ಒಂದು ಜೇಬಾದರೂ ಹೊರಡಿಸದೆ ಬಿಟ್ಟವಳಲ್ಲ. ತೊಟ್ಟಿ ತೊಳೆದು, ನೀರು ತುಂಬಿಸಿ, ಜಿಲೇಬಿ ಮೀನಿನ ಮರಿಗಳನ್ನು ತಂದು ಬಿಟ್ಟಳು.

ಮರಿಗಳು ಬೆಳೆದವು. ಅವುಗಳ ಜೊತೆ ಅವಳ ಪಾಡೂ ಬೆಳೆಯಿತು. ಮೀನಿಗೆ ತಿಂಡಿ ಹಾಕುವುದು ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ. ಒಂದೇ ಸಲ ಸುರಿದರೆ ಮಿಕ್ಕಿದ್ದು ತಳ ಸೇರಿ ಕೊಳೆತು ನೀರು ಕೆಡುತ್ತದೆ. ಹಾಗಾಗಿ ಅಂಗಿಗೆ ಒಂದು ತೋಳು ಜೋಡಿಸಿ ಹಿತ್ತಲಿಗೆ ಓಡುವಳು. ಬಂದು ಇನ್ನೊಂದು ತೋಳು ಜೋಡಿಸಿ ಮತ್ತೆ ಓಡುವಳು. ಈ ಓಡಾಟದಲ್ಲಿ ಒಬ್ಬ ಪೋಸ್ಟ್‌ಮನ್ನನ ಅಂಗಿಗೆ ಎರಡೂ ಎಡಗೈ ತೋಳೇ ಬಿದ್ದು, ಅವನು ಕನ್ನಡಿ ಮುಂದೆ ನಿಂತು ತಿರುತಿರುಗಿ ನೋಡಿಕೊಂಡು, "ಅಕ್ಕಾ, ನನ್ನ ಕೈಯಲ್ಲೇ ಏನೋ ಐಬಿರಬೇಕು" ಅಂದಿದ್ದ.

ಗಂಡ ಬಸ್ ಡ್ರೈವರು. ಇವತ್ತು ಹೋದರೆ ನಾಳೆ ಸಂಜೆಗೆ ಬರುವವನು. "ಮೀನಿಗೆ ನೀನು ಬೇಕು, ನಿನಗೆ ಮೀನು ಬೇಕು, ಮಧ್ಯೆ ನಾನ್ಯಾಕೆ?" ಎಂದು ನಕ್ಕು ಜಾರಿಕೊಳ್ಳುತ್ತಿದ್ದ. ಮನೆಯಲ್ಲಿ ಇನ್ನು ಉಳಿದವರು ಅವನ ಅಪ್ಪ, ಅಂದರೆ ಅವಳ ಮಾವ.

ಮಾವ ಆಯಸ್ಸೆಲ್ಲ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಹುಡುಗರು "ಸಾಕು ಅಣ್ಣಾ, ಸಾಕು" ಅಂತ ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸಿದ ಮಹಾನುಭಾವರು. ಅಂಥವರ ಕೈಗೆ ಒಂದು ದಿನ ಮೀನಿನ ತಿಂಡಿಯ ಚೀಲ ಸಿಕ್ಕಿತು. ಬಟನ್ ತರಲು ಪೇಟೆಗೆ ಹೋಗಿದ್ದ ಟೈಲರಕ್ಕ ಬಂದು ನೋಡಿದರೆ ತೊಟ್ಟಿಯ ಮೇಲೆ ತಿಂಡಿ ಕಂಬಳಿ ಹಾಸಿದಂತೆ ತೇಲುತ್ತಿದೆ.

"ಮಾವ! ಇಷ್ಟೊಂದಾ?"

"ಬಾಯಿ ಬಿಟ್ಕೊಂಡು ಮೇಲೆ ಬರ್ತಾವಮ್ಮ. ನೋಡ್ಕೊಂಡು ಹೇಗೆ ಸುಮ್ನಿರ್ಲಿ?"

"ಅವು ಯಾವಾಗ್ಲೂ ಬಾಯಿ ಬಿಡ್ತವೆ ಮಾವ. ಮೀನಲ್ವಾ!"

ನೀರು ನಾರಿತು. ಕೆಲವು ಮೀನು ಹೊಟ್ಟೆ ಮೇಲಾಗಿ ತೇಲಿದವು. ತೊಟ್ಟಿ ಖಾಲಿ ಮಾಡಿ ತುಂಬುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಯಿತು. ಮಾವನಿಗೆ ಬೈಯುವಂತಿಲ್ಲ, ಚೀಲ ಕೊಡುವಂತೆಯೂ ಇಲ್ಲ. ಆ ಹೊತ್ತಿಗೇ ಅವಳ ಒಡಹುಟ್ಟಿದ ಅಕ್ಕನ ಫೋನು: ಮಗಳು ಹೆತ್ತಿದ್ದಾಳೆ, ಗಂಡು ಮಗು, ಬಂದು ನೋಡು. ಹೋಗಲೇಬೇಕು. ಹೋಗುವುದು ಹೇಗೆ?

ತಾನೇ ತಿಂಡಿ ಹಾಕುವ ಯಂತ್ರಗಳಿವೆ ಎಂದು ಅವಳು ಫೋನಿನಲ್ಲಿ ನೋಡಿದ್ದಳು. ಅವುಗಳಲ್ಲಿ ಒಂದಕ್ಕೆ ಕರೆಂಟೂ ಬೇಡ, ಮೋಟಾರೂ ಬೇಡ. ತಿಂಡಿ ತುಂಬಿದ ಪಾತ್ರೆಯಿಂದ ಒಂದು ಕಡ್ಡಿ ನೀರಿಗೆ ಇಳಿದಿರುತ್ತದೆ. ಹಸಿದ ಮೀನು ಬಂದು ಮೂತಿಯಿಂದ ಕಡ್ಡಿ ತಳ್ಳಿದರೆ ಒಂದಿಷ್ಟು ತಿಂಡಿ ಉದುರುತ್ತದೆ. ಇದೇನು ಮಹಾ, ಎಂದುಕೊಂಡಳು.

ಕುಡಿಯುವ ನೀರಿನ ಹಳೇ ಕ್ಯಾನು ತಂದು, ಬುಡ ಕತ್ತರಿಸಿ, ತಲೆಕೆಳಗಾಗಿ ತೂಗಿಸಿದಳು. ಮುರಿದ ಛತ್ರಿಯ ನಡುಗೋಲು ಕ್ಯಾನಿನೊಳಗಿಂದ ನೀರಿಗೆ ಇಳಿಯುವ ಕಡ್ಡಿಯಾಯಿತು. ಕ್ಯಾನಿನ ಬಾಯಿಗಿಂತ ತುಸು ಕೆಳಗೆ, ಕೋಲಿಗೆ ಸಿಕ್ಕಿಸಿದ ಡಬ್ಬಿಯ ಮುಚ್ಚಳ ತಿಂಡಿಯನ್ನು ತಡೆದು ನಿಂತಿತು. ಕೋಲು ಅಲ್ಲಾಡಿದರೆ ಮುಚ್ಚಳ ವಾಲಿ ನಾಲ್ಕಾರು ಕಾಳು ಬೀಳಬೇಕು. ತೊಟ್ಟಿಗೆ ಅಡ್ಡ ಹಲಗೆ ಹಾಕಿ, ಗೂಟ ನೆಟ್ಟು ಕೂರಿಸಿದಳು.

ಮೊದಲ ದಿನ ಗಾಳಿ ಬೀಸಿತು. ಕೋಲು ಲೋಲಕದಂತೆ ತೂಗಾಡಿ ಕ್ಯಾನೆಲ್ಲ ಬರಿದಾಯಿತು. ಕೋಲಿನ ಸುತ್ತ ಒಂದು ಪೈಪು ತೊಡಿಸಿ ಗಾಳಿ ತಡೆದಳು. ಮರುದಿನ ತುಂತುರು ಹನಿಯಿತು. ತಿಂಡಿ ನೆನೆದು ಮುದ್ದೆಯಾಗಿ ಬಾಯಿ ಕಟ್ಟಿತು. ಛತ್ರಿಯ ಬಟ್ಟೆಯನ್ನೇ ಬಿಚ್ಚಿ, ಅಂಚಿಗೆ ಎಲಾಸ್ಟಿಕ್ ಹಾಕಿ, ಕ್ಯಾನಿಗೆ ಟೋಪಿ ಹೊಲಿದಳು. ಟೋಪಿ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಡ್ಯೂಟಿ ಮುಗಿಸಿ ಬಂದ ಗಂಡ ಕತ್ತಲ ಹಿತ್ತಲಲ್ಲಿ ಯಾರೋ ಕೂತಿದ್ದಾರೆಂದು "ಯಾರ್ರೀ ಅದು?" ಅಂತ ಗದರಿಸಿದ.

ಎಲ್ಲ ಸರಿಹೋಯಿತು. ಮೀನುಗಳು ಮಾತ್ರ ಕೋಲನ್ನು ಮೂಸಿಯೂ ನೋಡಲಿಲ್ಲ. ಕೋಲನ್ನು ಕಂಡರೆ ಪಕ್ಕಕ್ಕೆ ಸರಿದು ಹೋಗುತ್ತಿದ್ದವು, ಸಾಲ ಕೊಟ್ಟವನನ್ನು ಕಂಡಂತೆ.

ಮಾವ ಇದನ್ನೆಲ್ಲ ದೂರದ ಕುರ್ಚಿಯಿಂದ ನೋಡುತ್ತಿದ್ದರು. "ಬಡಿಸೋಕೆ ಮನುಷ್ಯ ಇದ್ದಾನೆ, ಅವನು ಬೇಡ, ಕ್ಯಾನು ಬೇಕು" ಎಂದು ಗೋಡೆಗೆ ಹೇಳಿ, ಕುರ್ಚಿಯನ್ನು ತೊಟ್ಟಿಗೆ ಬೆನ್ನು ಹಾಕಿ ತಿರುಗಿಸಿಕೊಂಡರು. ಆದರೂ ಹೊರಡುವ ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ, ಒಂದು ಸಣ್ಣ ಲೋಟ ಅವರ ಕೈಗಿಟ್ಟಳು.

"ಮಾವ, ಮೀನು ಕೋಲು ಮುಟ್ತಿಲ್ಲ. ಹೊತ್ತಿಗೊಂದು ಲೋಟ ಹಾಕಿ. ಒಂದೇ. ನನ್ನಾಣೆ."

"ಆಣೆ ಯಾಕಮ್ಮ? ಲೋಟ ಕಾಣ್ಸುತ್ತೆ ನಂಗೆ," ಅಂದರು ಮಾವ, ಮುಖ ತಿರುಗಿಸದೆ.

ಅಕ್ಕನ ಮನೆಯಲ್ಲಿ ಮಗುವನ್ನು ಎತ್ತಿಕೊಂಡರೂ ಅವಳ ಜೀವವೆಲ್ಲ ತೊಟ್ಟಿಯಲ್ಲಿ. ಫೋನು ಮಾಡಿದರೆ ಮಾವನದು ಚುಟುಕು ಉತ್ತರ. "ಇವೆ." "ತಿಂದ್ವು." "ಈಗ ಪುರುಸೊತ್ತಿಲ್ಲ, ಆಮೇಲೆ ಮಾಡು." ಪುರುಸೊತ್ತಿಲ್ಲ ಅಂದರೆ ಏನರ್ಥ? ಚೀಲಗಟ್ಟಲೆ ಸುರಿಯುತ್ತಿರಬೇಕು. ಅಕ್ಕ "ಇನ್ನೆರಡು ದಿನ ಇರೇ" ಅಂತ ಗೋಗರೆದರೂ ನಿಲ್ಲದೆ ಬಸ್ಸು ಹತ್ತಿದಳು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಹಿತ್ತಲಿಗೆ ನಡೆದಳು. ಮಾವ ಹಲಗೆಯ ಮೇಲೆ ಬೋರಲು ಮಲಗಿದ್ದಾರೆ! ಬ್ಯಾಗು ಅಲ್ಲೇ ಎಸೆದು ಓಡಿದಳು. ಅಷ್ಟರಲ್ಲಿ ಅವರ ದನಿ ಕೇಳಿತು: "ಹಾಂ, ನೀನಲ್ಲ, ನೀನು ಆಗ್ಲೇ ತಿಂದೆ. ಆ ಬಾಲ ಹರಿದವನು ಬರ್ಲಿ."

ಕೋಲು ಅಲ್ಲಾಡಿತು. ತಿಂಡಿ ಉದುರಿತು. ನೀರು ಕೊತಕೊತ ಕುದಿದಂತಾಯಿತು. ಯಾರೂ ಕೈ ಹಾಕಿರಲಿಲ್ಲ, ತಳ್ಳಿದ್ದು ಮೀನು.

"ಮಾವ! ಇದು ಹೇಗೆ?"

ಮಾವ ನಿಧಾನಕ್ಕೆ ಎದ್ದು ಕೂತು ಅಂಗಿ ಕೊಡವಿಕೊಂಡರು. "ಹೊಸದಾಗಿ ಸೇರಿದ ಹುಡುಗ ಊಟದ ಹಾಲ್ ಎಲ್ಲಿದೆ ಅಂತ ಹೇಗೆ ಕಂಡು ಹಿಡೀತಿದ್ದ? ಮೂಗು ಹಿಡ್ಕೊಂಡು ಬರ್ತಿದ್ದ. ಬರೀ ಕಬ್ಬಿಣದ ಕೋಲು ಇಳಿಬಿಟ್ರೆ ಯಾವನು ಬರ್ತಾನೆ? ನಿನ್ನ ಬುಟ್ಟಿಯಿಂದ ಒಂದು ಚಿಂದಿ ತಗೊಂಡೆ. ಲೋಟದ ತಿಂಡೀಲೇ ಚೂರು ಅದರಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಕಟ್ಟಿದೆ. ವಾಸನೆಗೆ ಬಂದು ಗಂಟು ಎಳೆದ್ವು, ಮೇಲಿಂದ ಬಿತ್ತು. ಆಮೇಲೆ ಗಂಟು ಬಿಚ್ಚಿದೆ. ಈಗ ಕೋಲೇ ಸಾಕು."

ಟೈಲರಕ್ಕ ಬಗ್ಗಿ ನೋಡಿದಳು. ನೀರು ತಿಳಿಯಾಗಿತ್ತು. ಕ್ಯಾನಿನಲ್ಲಿ ಅವಳಂದುಕೊಂಡಿದ್ದಕ್ಕಿಂತ ಹೆಚ್ಚೇ ತಿಂಡಿ ಉಳಿದಿತ್ತು.

"ಒಂದು ವಿಚಿತ್ರ ಕಣಮ್ಮ," ಮಾವ ದನಿ ತಗ್ಗಿಸಿದರು. "ಹೊಟ್ಟೆ ತುಂಬಿದ್ಮೇಲೆ ಇವು ಕೋಲಿನ ಹತ್ರಾನೂ ಸುಳಿಯಲ್ಲ. ನಾನೂ ಕಾದು ಕಾದು ನೋಡ್ದೆ. ಸಾಕು ಅಂದ್ರೆ ಇವಕ್ಕೆ ಸಾಕೇ! ಹಾಸ್ಟೆಲ್ ಹುಡುಗ್ರು ಸಾಕು ಅಂದಾಗ, ಪಾಪ, ನಾಚ್ಕೋತಾರೆ ಅಂದ್ಕೊಂಡಿದ್ದೆ ನಾನು."

ಅವಳು ನಕ್ಕಳು. ಮಾವನೂ ನಕ್ಕರು. ಕುರ್ಚಿ ಮತ್ತೆ ತೊಟ್ಟಿಯ ಕಡೆ ತಿರುಗಿತು.

ಆ ವರ್ಷ ಮೀನು ಅಂಗೈಗಿಂತ ಅಗಲ ಬೆಳೆದವು. ಹಿಡಿದ ದಿನ ಅರ್ಧ ಬೀದಿಯ ಒಲೆಯ ಮೇಲೆ ಅದೇ ಘಮ. ಕೊಳ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಬಂದು, "ನನಗೂ ಒಂದು ಮಾಡಿಕೊಡಕ್ಕ" ಅಂದಳು. ಟೈಲರಕ್ಕ ಕ್ಯಾನು, ಕೋಲು, ಟೋಪಿ ಎಲ್ಲ ಸ್ಕೂಟರಿನ ಮುಂದಿಟ್ಟುಕೊಂಡು ಹೊರಟರೆ, ಹಿಂದೆ ಇಸ್ತ್ರಿ ಅಂಗಿ ತೊಟ್ಟು ಮಾವ. ಕ್ಯಾನು ಕೂರಿಸುವುದು ಸೊಸೆಯ ಕೆಲಸ, ಮೀನಿಗೆ ಪಾಠ ಹೇಳುವುದು ಅವರ ಕೆಲಸ ಎಂದು ದಾರಿಯಲ್ಲೇ ತೀರ್ಮಾನವಾಗಿತ್ತು.

ಆ ಕೊಳದಲ್ಲಿ ಬಾತುಕೋಳಿಗಳೂ ಇದ್ದವು. ಮಾವ ಗಂಟು ಕಟ್ಟಿ ಕೋಲು ಇಳಿಬಿಟ್ಟು ಎದ್ದು ನಿಲ್ಲುವಷ್ಟರಲ್ಲಿ ಒಂದು ಬಾತು ಈಜಿ ಬಂದು, ಕೊಕ್ಕಿನಿಂದ ಕೋಲನ್ನು ಬಾರಿಸಿ, ಉದುರಿದ್ದನ್ನೆಲ್ಲ ನುಂಗಿ, ಬಳಗವನ್ನೂ ಕೂಗಿ ಕರೆಯಿತು.

"ಇದು ಜಾಣ ಶಿಷ್ಯ!" ಅಂದರು ಮಾವ ಸಂತೋಷದಿಂದ.

"ಶಿಷ್ಯನ ಮನೆ ಹಾಳಾಗ! ಆ ಕಡೆ ಓಡಿಸಿ ಮಾವ," ಎಂದು ಟೈಲರಕ್ಕ ನಗು ತಡೆಯಲಾರದೆ, ಸೆರಗು ಸಿಕ್ಕಿಸಿಕೊಂಡು, ಕೊಳದ ಸುತ್ತ ಬೇಲಿಗೆ ಎಷ್ಟು ಬಲೆ ಬೇಕಾದೀತೆಂದು ಟೇಪು ಬಿಚ್ಚಿದಳು.