ದಪ್ಪ ಅಕ್ಷರದಲ್ಲಿ ನಮ್ಮವರು

ನಾನು ಕಲಿತದ್ದು ಮೂರನೇ ಇಯತ್ತೆಯವರೆಗೆ. ಉಳಿದದ್ದನ್ನು ಗದಗಿನ ಒಂದು ಛಾಪಖಾನೆಯಲ್ಲಿ ಸೀಸದ ಮೊಳೆಗಳಿಂದ ಕಲಿತೆ, ಅದೂ ತಿರುವುಮುರುವಾಗಿ. ಅಚ್ಚು ಮುಗಿದ ಮೇಲೆ ಅಕ್ಷರದ ಮೊಳೆಗಳನ್ನು ಬಿಡಿಸಿ, ಒರೆಸಿ, ಅವುಗಳ ಖಾನೆಗೆ ಹಾಕುವುದು ನನ್ನ ಕೆಲಸ. ಮಧ್ಯಾಹ್ನ ಹತ್ತಿ ಬಿಡಿಸುವ ಜಿನ್ನಿನ ಕಡೆಯಿಂದ ಅರಳೆ ತೇಲಿ ಬಂದು ಶಾಯಿಯ ಮೇಲೆ ಕೂರುತ್ತಿತ್ತು. ಕಣ್ಣು ಎಳೆಯುತ್ತಿತ್ತು. ಎಚ್ಚರವೋ ನಿದ್ದೆಯೋ ತಿಳಿಯದ ಆ ಹೊತ್ತಿನಲ್ಲಿ ಅಕ್ಷರಗಳು ಕನ್ನಡಿಯೊಳಗಿನಿಂದ ನನ್ನನ್ನು ನೋಡುತ್ತಿದ್ದವು.

ನನಗೆ ಇಷ್ಟವಾದದ್ದು ದಪ್ಪ ಅಕ್ಷರ. ಹೊಟ್ಟೆ ತುಂಬಿದ ಹಾಗೆ ದುಂಡಗೆ. ತಲೆಕಟ್ಟು ಮಾತ್ರ ಎತ್ತಿನ ಕೋಡಿನಂತೆ ಬುಡದಲ್ಲಿ ದಪ್ಪ, ತುದಿಯಲ್ಲಿ ಚೂಪು. ಲಗ್ನಪತ್ರಿಕೆಯ ನೆತ್ತಿಯ ಮೇಲಿನ ದೇವರಿಗೂ ಅದೇ, ಸತ್ತವರ ಹೆಸರಿಗೂ ಅದೇ. ಏಕೀಕರಣದ ಗದ್ದಲದ ಆ ವರ್ಷ ಸಭೆಯ ಕರಪತ್ರಗಳಿಗೂ ಅದೇ. 'ಕರ್ನಾಟಕ' ಎಂದು ಜೋಡಿಸಿ ಜೋಡಿಸಿ ಕ ಅಕ್ಷರದ ತುದಿ ಸವೆದುಹೋಗಿತ್ತು.

ಆಗಲೇ ನನ್ನ ನಾದಿನಿಯ ಲಗ್ನ ಲಕ್ಷ್ಮೇಶ್ವರದವರ ಕೂಡ ಗೊತ್ತಾಯಿತು. ಮಾವ ತೀರಿಕೊಂಡಿದ್ದರು. ಹುಡುಗಿಯ ಹಿಂದೆ ಯಾರಿದ್ದಾರೆ ಎಂದು ಬೀಗರಿಗೆ ಅನುಮಾನ. ಪತ್ರಿಕೆಯಲ್ಲಿ ಕರೆಯುವವನಾಗಿ ಅಣ್ಣನ ಹೆಸರು ಎದ್ದು ಕಾಣಬೇಕು, ಅದನ್ನು ನೋಡಿಯೇ ಮುಂದಿನ ಮಾತು ಎಂದು ಹೇಳಿ ಕಳಿಸಿದ್ದರು. ಆ ಅಣ್ಣ ನನ್ನ ಗಂಡ. ಸಂಜೆಯ ಬಸ್ಸಿಗೆ ಪತ್ರಿಕೆ ಹೋಗಬೇಕಿತ್ತು.

ಮೊಳೆ ಜೋಡಿಸುವ ಚಾಚಾ ಅವರಿಗೆ ವಯಸ್ಸಾಗಿತ್ತು, ಕೈಬರಹ ಕಾಣುತ್ತಿರಲಿಲ್ಲ. ನಾನು ಓದಬೇಕು, ಅವರು ಕೇಳಿದ್ದನ್ನು ಜೋಡಿಸಬೇಕು. ಓದುತ್ತ ಓದುತ್ತ ಗಂಡನ ಹೆಸರಿಗೆ ಬಂದೆ. ನಮ್ಮ ಬೆಟಗೇರಿ ಓಣಿಯಲ್ಲಿ ಯಾವ ಹೆಂಗಸೂ ಗಂಡನ ಹೆಸರನ್ನು ಬಾಯಿಂದ ಆಡುತ್ತಿರಲಿಲ್ಲ. 'ನಮ್ಮವರು' ಎಂದೆ. ತಿಳಿದುಕೊಳ್ಳುತ್ತಾರೆ ಎಂದುಕೊಂಡೆ. ಅವರು ಹಾಗೇ ಜೋಡಿಸಿದರು, ಅದೂ ದಪ್ಪ ಅಕ್ಷರದಲ್ಲಿ.

ಮೊದಲ ಹಾಳೆ ಯಂತ್ರದಿಂದ ಬಂದಾಗ ನಾನೇ ಕಂಡೆ. ಊರನ್ನೆಲ್ಲ ಲಗ್ನಕ್ಕೆ ಕರೆಯುತ್ತಿದ್ದವರು 'ನಮ್ಮವರು'. ತಪ್ಪಾಗಿದೆ, ಅಲ್ಲಿ ಬೇರೆ ಹೆಸರು ಬರಬೇಕು ಎಂದೆ.

ಚಾಚಾ ಚಷ್ಮಾ ಒರೆಸಿಕೊಂಡರು. "ನಿಮ್ಮವರು ಅಂದ್ರ ಯಾರವಾ? ಇಡೀ ಬೆಟಗೇರಿನ?"

ನಾನು ತಲೆ ತಗ್ಗಿಸಿ ನಿಂತೆ. ಆಗ ಅವರಿಗೆ ತಿಳಿಯಿತು.

"ಹೇಳಿಬಿಡು. ನಾ ಕಿವುಡ ಅಂತ ತಿಳಿ."

"ಕಿವುಡರಿಗೆ ಹೇಳಿ ಏನ ಮಾಡೋದರಿ, ಚಾಚಾ?"

ಅವರು ನಕ್ಕು ಅಂಗೈ ಚಾಚಿದರು. "ಹಂಗಾರ ಆರಿಸಿ ಕೊಡು. ಬಾಯಿ ಬ್ಯಾಡ."

ಒಂದೊಂದೇ ಮೊಳೆ ಆರಿಸಿ ಅವರ ಅಂಗೈಯಲ್ಲಿಟ್ಟೆ. ಐದು ವರ್ಷ ಒಂದೇ ಸೂರಿನಡಿ ಇದ್ದು ಒಮ್ಮೆಯೂ ಆಡದ ಹೆಸರು ತಣ್ಣಗೆ, ಭಾರವಾಗಿ ಬೆರಳಿಗೆ ಹತ್ತಿತು. ಯಂತ್ರದ ಸದ್ದು ಎಲ್ಲೋ ನೀರಿನಡಿ ಹೋದಂತಾಯಿತು. ಕೊನೆಯ ಅಕ್ಷರವನ್ನು ಕೊಡಲು ಸ್ವಲ್ಪ ತಡ ಮಾಡಿದೆ.

ಪತ್ರಿಕೆ ಬಸ್ಸಿಗೆ ಸಿಕ್ಕಿತು. ಬೀಗರು ಹೆಸರು ನೋಡಿ ಒಪ್ಪಿದರು, ಲಗ್ನವೂ ಆಯಿತು.

ಪತ್ರಿಕೆ ಅಚ್ಚಾದ ದಿನ ರಾತ್ರಿ, ಉಣ್ಣುವ ಮೊದಲು, ನನ್ನ ಗಂಡ ಒಂದು ಪತ್ರಿಕೆ ಹಿಡಿದು ಬಹಳ ಹೊತ್ತು ನೋಡಿದರು.

"ನನ್ನ ಹೆಸರಿನ ಮೊಳಿ ಯಾರು ಆರಿಸಿದ್ದು?"

"ನಾನ," ಎಂದೆ.

ಅವರು ಪತ್ರಿಕೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ನಾನು ಕೈಯ ಶಾಯಿ ತೊಳೆದು ರೊಟ್ಟಿ ಬಡಿಯಲು ಕುಳಿತೆ.