ಬನ್ನಿ ಯಾರು ಮೊದಲು ಕೊಡಬೇಕು

ನಾನು ಚಿಕ್ಕವಳಿದ್ದಾಗ ದಸರೆಗೆ ಹಿತ್ತಾಳೆ ಪಾತ್ರೆ ತಿಕ್ಕುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. ಆ ವರ್ಷವೂ ರಾಯಚೂರಿನ ನಮ್ಮ ಮನೆಯ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಹುಣಸೆಹಣ್ಣಿಗೆ ಬೂದಿ ಬೆರೆಸಿ ಅಜ್ಜಿಯ ದೊಡ್ಡ ಕೊಡ ತಿಕ್ಕುತ್ತಿದ್ದೆ. ಹುಳಿ ತಾಗಿ ಅಂಗೈಯೆಲ್ಲ ಉರಿಯುತ್ತಿತ್ತು. ಮಾರನೆಯ ದಿನ ಬನ್ನಿ ಹಬ್ಬ. ಆಗ ಮಾನ್ವಿಯಿಂದ ಬಂದ ಪರಿಚಯದವರೊಬ್ಬರು ಬಾಗಿಲಲ್ಲಿ ನಿಂತು, ಚಪ್ಪಲಿಯನ್ನೂ ಬಿಡದೆ ಸುದ್ದಿ ಹೇಳಿದರು. ಮಾನ್ವಿಯ ಸೋದರತ್ತೆಯ ಕಾಲು ಉಳುಕಿದೆಯಂತೆ, ನೋಡಿಕೊಳ್ಳಲು ಹೋದ ಅಜ್ಜಿ ಹಬ್ಬಕ್ಕೆ ಬರುವುದಿಲ್ಲವಂತೆ, ನೀವೇ ಮಾಡಿಕೊಳ್ಳಬೇಕಂತೆ.

"ಬರೋದಿಲ್ಲೇನ್ರಿ?" ಎಂದು ಅವ್ವ ಅಡುಗೆಮನೆಯಿಂದ ಕೇಳಿದಳು.

"ಬರೋದಿಲ್ಲೇನ್ರಿ?" ಎಂದು ಕಾಕು ಅಂಗಳದ ಆಚೆಯ ಕೋಣೆಯಿಂದ ಕೇಳಿದಳು.

ಇಬ್ಬರ ಮಾತೂ ಒಂದೇ, ಆದರೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಜ್ಜಿ ಬರದಿದ್ದರೆ ಇವರನ್ನು ಸರಿ ಮಾಡುವವರು ಯಾರು?

ನಮ್ಮದು ಕೂಡಿದ ಮನೆ. ಅಪ್ಪ, ಅವ್ವ, ನಾನು ಒಂದು ಕಡೆಯಾದರೆ, ಅಪ್ಪನ ತಮ್ಮ ಕಾಕಾ, ಅವರ ಹೆಂಡತಿ ಕಾಕು, ಅವರ ಮಗಳು ಇನ್ನೊಂದು ಕಡೆ. ಆ ಮಗಳನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗೆ ಒಡಹುಟ್ಟಿದವರು ಇರಲಿಲ್ಲ, ಅವಳಿಗೂ ಇರಲಿಲ್ಲ. ನನ್ನ ಜಡೆ ಹೆಣೆಯುವವಳು ಅವಳೇ, ನನ್ನ ಕೌದಿಯ ಅರ್ಧ ಎಳೆದುಕೊಳ್ಳುವವಳೂ ಅವಳೇ.

ಅವ್ವ ಮತ್ತು ಕಾಕು ಮಾತು ಬಿಟ್ಟದ್ದು ಒಂದು ದೀಪದಿಂದ. ನವರಾತ್ರಿಯಲ್ಲಿ ಘಟ ಇಟ್ಟ ಮೇಲೆ ದೇವಿಯ ಮುಂದಿನ ನಂದಾದೀಪ ಹಬ್ಬ ಮುಗಿಯುವವರೆಗೆ ಆರಬಾರದು. ಏಳನೆಯ ದಿನ ಬೆಳಿಗ್ಗೆ ನೋಡಿದರೆ ಆರಿತ್ತು. ಎಣ್ಣೆ ಇತ್ತು, ಬತ್ತಿ ಇತ್ತು, ಉರಿ ಮಾತ್ರ ಇರಲಿಲ್ಲ. ಎಣ್ಣೆ ನೋಡುವ ಪಾಳಿ ಕಾಕುವಿನದು, ಅದಕ್ಕೆ ತಪ್ಪು ಅವಳದು ಎಂದಳು ಅವ್ವ. ಸೆಖೆಯೆಂದು ಕಿಟಕಿ ತೆರೆದಿಟ್ಟವಳು ಅವ್ವ, ಅದಕ್ಕೆ ತಪ್ಪು ಅವಳದು ಎಂದಳು ಕಾಕು. ದೀಪ ಮತ್ತೆ ಹಚ್ಚಿ, ತಪ್ಪಾಯಿತು ತಾಯಿ ಎಂದು ಕೈಮುಗಿದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ದೇವಿಗೇನೂ ಸಿಟ್ಟು ಬಂದಂತೆ ಕಾಣಲಿಲ್ಲ. ಘಟದ ಮಣ್ಣಿನಲ್ಲಿ ಬಿತ್ತಿದ ಕಾಳಿನ ಸಸಿಗಳು ಚೆನ್ನಾಗಿಯೇ ಎದ್ದು ನಿಂತಿದ್ದವು. ಸಿಟ್ಟು ಬಂದದ್ದು ಇವರಿಬ್ಬರಿಗೆ. ಕಾಕು ಸೀಮೆಎಣ್ಣೆಯ ಸ್ಟೋವ್ ಎತ್ತಿಕೊಂಡು ತನ್ನ ಕೋಣೆ ಸೇರಿದಳು. ಅಂದಿನಿಂದ ಮನೆಯಲ್ಲಿ ಎರಡು ಸಾರು, ಎರಡು ಪಲ್ಯ. ನಾನೂ ಅಕ್ಕನೂ ಎರಡೂ ಕಡೆ ಉಂಡೆವು. ಅದೊಂದು ಪುಣ್ಯ ಅನ್ನಿ.

ಆದರೆ ಕಾಕಾನಿಗೆ ಸಾಕಾಗಿಹೋಗಿತ್ತು. ಅವರು ಹತ್ತಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಅದರ ಮಾಲೀಕರು ದೇವದುರ್ಗದಲ್ಲಿ ಇನ್ನೊಂದು ಅಂಗಡಿ ತೆರೆದಿದ್ದರು. ಅಲ್ಲಿ ಹೋಗಿರು ಎಂದು ಬಹಳ ದಿನದಿಂದ ಕರೆಯುತ್ತಿದ್ದರು, ಕಾಕಾ ಮುಂದಕ್ಕೆ ತಳ್ಳುತ್ತಾ ಬಂದಿದ್ದರು. ಅಜ್ಜಿಯ ಸುದ್ದಿ ಬಂದ ದಿನ ಅವರು ಊಟಕ್ಕೆ ಕೂತಾಗ ಆ ಕಡೆಯಿಂದೊಂದು ತಾಟು, ಈ ಕಡೆಯಿಂದೊಂದು ತಾಟು ಬಂದವು. ಕಾಕಾ ಎರಡನ್ನೂ ನೋಡಿ ಎದ್ದೇ ಬಿಟ್ಟರು.

"ನಾಳೆ ಸಂಜೀಕ ಇಬ್ರೂ ಬನ್ನಿ ಕೊಟ್ಟು ಮಾತಾಡಿದ್ರ ಛಲೋ ಆತು. ಇಲ್ಲಂದ್ರ ನಾಡದು ಮುಂಜಾನೆ ಮಾಲಕರಿಗೆ ಹೂಂ ಅಂತೀನಿ, ಸಾಮಾನು ಕಟ್ಟಿಸ್ತೀನಿ. ನನ್ನ ತಲಿ ಚಿಟ್ಟು ಹಿಡಿದು ಹೋಗ್ಯಾದ!"

ಕಾಕಾ ದೇವದುರ್ಗಕ್ಕೆ ಹೋದರೆ ಅಕ್ಕನೂ ಹೋಗುತ್ತಾಳೆ. ನಾನು ಅರ್ಧ ತಿಕ್ಕಿದ ಕೊಡವನ್ನು ಹಾಗೇ ಬಿಟ್ಟು ದೇವರ ಮನೆಗೆ ಓಡಿದೆ. ತಾಯೀ, ಅಕ್ಕ ಹೋಗಬಾರದು, ಬೇಕಾದರೆ ವರ್ಷವಿಡೀ ಪಾತ್ರೆ ತಿಕ್ಕುತ್ತೇನೆ ಎಂದು ಬೇಡಿಕೊಂಡೆ.

ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುವುದು ನಿಮಗೂ ಗೊತ್ತಲ್ಲ. ಎಂಥ ಜಗಳವಿದ್ದರೂ ಅಂದು ಕೊಟ್ಟ ಬನ್ನಿಯನ್ನು ಬೇಡ ಅನ್ನುವಂತಿಲ್ಲ. ಎಲೆ ಕೈಗೆ ಬಿತ್ತೆಂದರೆ ಹಳೆಯದೆಲ್ಲ ಮುಗಿದಂತೆ. ಇಷ್ಟು ಸಲೀಸಾದ ಹಬ್ಬ ನಮ್ಮ ಮನೆಯಲ್ಲಿ ಮಾತ್ರ ಕಗ್ಗಂಟಾಯಿತು. ಏಕೆಂದರೆ ಕಿರಿಯರೇ ಹಿರಿಯರಿದ್ದಲ್ಲಿಗೆ ಹೋಗಿ, ಬನ್ನಿ ಕೊಟ್ಟು, ಕಾಲು ಮುಟ್ಟಬೇಕು. ಇವರಲ್ಲಿ ಕಿರಿಯರು ಯಾರು? ಅಪ್ಪ ಮದುವೆ ಬೇಡವೆಂದು ಬಹಳ ವರ್ಷ ತಪ್ಪಿಸಿಕೊಂಡಿದ್ದರಿಂದ ತಮ್ಮನ ಮದುವೆಯೇ ಮೊದಲಾಗಿತ್ತು. ಕಾಕು ವಯಸ್ಸಿನಲ್ಲಿ ದೊಡ್ಡವಳು, ಮನೆಗೆ ಮೊದಲು ಬಂದವಳು. ಅವ್ವ ವಯಸ್ಸಿನಲ್ಲಿ ಚಿಕ್ಕವಳು, ಆದರೆ ಹಿರಿಯ ಮಗನ ಹೆಂಡತಿ. ಅಜ್ಜಿ ಇದ್ದಾಗ ಈ ಪ್ರಶ್ನೆ ಏಳಲೇ ಇಲ್ಲ. ಇಬ್ಬರೂ ಮೊದಲು ಅಜ್ಜಿಗೆ ಕೊಡುತ್ತಿದ್ದರು. ಅಜ್ಜಿ ಇಬ್ಬರ ಕೈಗಳನ್ನೂ ಹಿಡಿದು ಒಂದರೊಳಗೊಂದು ಇಟ್ಟುಬಿಡುತ್ತಿದ್ದರು. ಈ ವರ್ಷ ಅಜ್ಜಿ ಮಾನ್ವಿಯಲ್ಲಿ ಕೂತು ಮಗಳ ಕಾಲಿಗೆ ಎಣ್ಣೆ ನೀವುತ್ತಿದ್ದರು.

ಬನ್ನಿ ಹಬ್ಬದ ದಿನ ಮನೆಯೆಲ್ಲ ಚೆಂಡುಹೂವಿನ ಘಾಟು, ಹೂರಣದಲ್ಲಿ ಕುದಿಯುವ ಬೆಲ್ಲದ ವಾಸನೆ. ಅದೂ ಎರಡು ಕಡೆಯಿಂದ. ಬಿಸಿಲು ಇಳಿದ ಮೇಲೆ ಅಪ್ಪ, ಕಾಕಾ ಹೊಸ ಧೋತರ ಉಟ್ಟು, ಗುಂಜಹಳ್ಳಿ ದಾರಿಯ ಹೊಲದಲ್ಲಿದ್ದ ಬನ್ನಿಗಿಡಕ್ಕೆ ಪೂಜೆ ಮಾಡಿ, ಟೊಂಗೆ ಮುರಿದುಕೊಂಡು ಬಂದರು. ನಾನೂ ಅಕ್ಕನೂ ಮುಳ್ಳು ಚುಚ್ಚಿಸಿಕೊಳ್ಳುತ್ತಾ ಎಲೆ ಬಿಡಿಸಿದೆವು. ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯ ತುಂಬ ಓಣಿಯ ಜನ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನುವುದು, ಬಗ್ಗುವುದು, ಎದ್ದು ಇನ್ನೊಬ್ಬರಿಗೆ ಬಗ್ಗುವುದು. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಕಾಕು ಅಂಗಳದಾಚೆ ತನ್ನ ಹೊಸ್ತಿಲಲ್ಲಿ ಕೂತಳು. ಇಬ್ಬರ ಉಡಿಯಲ್ಲೂ ಬನ್ನಿ. ಇಬ್ಬರೂ ಏಳಲೊಲ್ಲರು.

ಪಕ್ಕದ ಸಾಬರ ಮನೆಯ ಖಾಲಾ ಬಂದರು, ಓಣಿಯ ಮಕ್ಕಳೆಲ್ಲ ಚಿಕ್ಕಮ್ಮನೆಂದು ಅವರನ್ನು ಹಾಗೆ ಕರೆಯುತ್ತಿದ್ದೆವು. ಅವರ ಯಜಮಾನರಿಗೆ ಸಂತೆಯಲ್ಲಿ ಬೆಲ್ಲದ ಅಂಗಡಿ ಇತ್ತು. ನಮ್ಮ ಮನೆಯ ಬನ್ನಿಯನ್ನು ಖಾಲಾ ಒಂದು ವರ್ಷವೂ ತಪ್ಪಿಸಿದವರಲ್ಲ. ಅಂಗಳದ ನಡುವೆ ನಿಂತು ಆ ಕಡೆ ನೋಡಿದರು, ಈ ಕಡೆ ನೋಡಿದರು.

"ಕ್ಯಾ ಮಾ, ಹಬ್ಬದ ದಿನಾನೂ ಹಿಂಗ ಮಾರಿ ತಿರುವಿ ಕುಂತೀರಿ? ನನಗ ಮೊದಲ ಯಾರು ಕೊಡ್ತೀರಿ?"

ಅವ್ವ ಎದ್ದಳು, ಕಾಕೂನೂ ಎದ್ದಳು. ಆಕೆ ಎದ್ದದ್ದು ನೋಡಿ ಈಕೆ ಅಲ್ಲೇ ನಿಂತಳು, ಈಕೆ ನಿಂತದ್ದು ನೋಡಿ ಆಕೆಯೂ ಅಲ್ಲೇ ನಿಂತಳು. ಖಾಲಾ ಹಣೆ ಬಡಿದುಕೊಂಡು ಎರಡೂ ಕೈ ಎರಡು ಕಡೆ ಚಾಚಿದರು. "ದೇವ್ರು ಎರಡು ಕೈ ಕೊಟ್ಟಾನ. ಇಬ್ರೂ ಒಮ್ಮೆಗೇ ಹಾಕ್ರಿ, ನನ್ನ ಒಲಿ ಮ್ಯಾಲ ಅನ್ನ ಅದ!"

ಆಮೇಲೆ ಬಂದವರೆಲ್ಲ ಒಂದೊಂದು ಬುದ್ಧಿ ಹೇಳಿದರು, ಹೋಳಿಗೆ ತಿಂದರು, ಹೋದರು. ವಯಸ್ಸೇ ದೊಡ್ಡದು ಎಂದರು ಒಬ್ಬರು. ವರಸೆಯೇ ದೊಡ್ಡದು ಎಂದರು ಇನ್ನೊಬ್ಬರು. ಪಾಪ ಅಪ್ಪ, ಇಬ್ಬರೂ ಅಂಗಳದ ನಡುವಿನ ತುಳಸಿಕಟ್ಟೆಗೆ ಬಂದು ಒಟ್ಟಿಗೇ ಕೊಡಲಿ ಎಂದರು. ಕಟ್ಟೆ ಕಾಕುವಿನ ಬಾಗಿಲಿಗೆ ಹತ್ತಿರ, ಹಾಗಾಗಿ ತಾನೇ ಹೆಚ್ಚು ನಡೆದಂತಾಗುತ್ತದೆ ಎಂದಳು ಅವ್ವ. ಕಾಕಾ ಗೋಡೆಗೆ ಒರಗಿ, ಅಟ್ಟದ ಮೇಲಿನ ಟ್ರಂಕುಗಳನ್ನು ನೋಡುತ್ತಿದ್ದರು. ಆ ನೋಟ ಕಂಡು ಅಕ್ಕ ನನ್ನನ್ನು ಮೂಲೆಗೆ ಎಳೆದಳು.

"ನೀ ನಮ್ಮವ್ವಗ ಹೇಳು. ನಾ ನಿಮ್ಮವ್ವಗ ಹೇಳ್ತೀನಿ. ಅವರವರ ಮಕ್ಕಳ ಮಾತು ಅವರು ಕೇಳೂದಿಲ್ಲ" ಎಂದಳು ಅಕ್ಕ. ಅವಳು ಅಡುಗೆಮನೆಗೆ ಹೋದಳು, ನಾನು ಕಾಕುವಿನ ಕೋಣೆಗೆ ಹೋದೆ.

ಕಾಕು ಸ್ಟೋವಿನ ಮೇಲೆ ಹಾಲಿಟ್ಟು ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಶುರುಮಾಡಿದಳು. "ನಾ ಈ ಮನಿಗೆ ಬಂದಾಗ ನಿಮ್ಮವ್ವ ಇನ್ನಾ ಲಂಗ ಉಟ್ಕೊಂಡು ಕುಂಟಬಿಲ್ಲಿ ಆಡಾಕತ್ತಿದ್ಲು. ಆಕಿ ಕಾಲು ನಾ ಮುಟ್ಟಬೇಕಾ? ನೀನ ಹೇಳು."

"ಕಾಕು, ಅಕ್ಕ ಹೋದ್ರ ನಾ ಯಾರ ಮಗ್ಗಲಿಗೆ ಮಲಗ್ಲಿ?" ಎಂದೆ. ಅಳು ಬಂದುಬಿಟ್ಟಿತು.

ಕಾಕು ಸೆರಗಿನಿಂದ ನನ್ನ ಮೂಗು ಒರೆಸಿದಳು, ಸ್ವಲ್ಪ ಜೋರಾಗಿಯೇ. "ಹಾಲು ನೋಡ್ಕೊಂಡಿರು" ಎಂದು ಎದ್ದು, ಓಣಿಯ ಸಂದಿಗೆ ತೆರೆಯುವ ಬಾಗಿಲಿನಿಂದ ಹೊರಗೆ ಹೋದಳು. ಖಾಲಾ ಮನೆಗೆ ಹೋದಳೇನೋ ಅಂದುಕೊಂಡೆ.

ಅವಳು ಹೋಗಿ ಸ್ವಲ್ಪ ಹೊತ್ತಾಗಿರಬೇಕು, ಹಿತ್ತಲ ಕಡೆಯ ಬಾಗಿಲು ಕಿರ್ರೆಂದಿತು. ನೋಡಿದರೆ ಅವ್ವ! ಸೀರೆಯ ನೆರಿಗೆಗೆ ಹಿತ್ತಲಿನ ಕಸಕಡ್ಡಿ ಅಂಟಿಕೊಂಡಿತ್ತು, ಮುಷ್ಟಿಯಲ್ಲಿ ಬನ್ನಿ. ಪಡಸಾಲೆಯ ಜನರೆದುರು ಸೋತಂತೆ ಕಾಣಬಾರದೆಂದು ಸುತ್ತಿ ಬಂದಿದ್ದಳು.

"ನಿಮ್ಮ ಕಾಕು ಎಲ್ಲಿ?"

"ಈಗ ಹೊರಗ ಹೋದ್ಲು."

"ನಾ ಬರೂದು ಕಂಡು ಎದ್ದು ಹೋದ್ಲೇನು? ಅಷ್ಟು ಸೊಕ್ಕಾ!" ಅವ್ವ ಬನ್ನಿಯನ್ನು ಗೋಡೆಯ ಗೂಡಿನಲ್ಲಿ ಕುಕ್ಕಿ, ಬಂದ ದಾರಿಯಲ್ಲೇ ಧಡಧಡ ಹೋದಳು.

ಅಲ್ಲಿ ಅಡುಗೆಮನೆಯಲ್ಲಿ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳು. ಕಾಕು ಸಂದಿಯಿಂದ ಸುತ್ತು ಹಾಕಿ, ಬಚ್ಚಲು ದಾಟಿ, ಮುಷ್ಟಿಯಲ್ಲಿ ಬನ್ನಿ ಹಿಡಿದು ಅಲ್ಲಿಗೆ ಹೋಗಿದ್ದಳಂತೆ. ಅವ್ವ ಇರಲಿಲ್ಲ. "ನಾ ಬರ್ತೀನಂತ ಗೊತ್ತಾಗೇ ತಪ್ಪಿಸ್ಕೊಂಡಾಳ" ಎಂದು ಕಾಕೂನೂ ಬನ್ನಿಯನ್ನು ಹಿಟ್ಟಿನ ಡಬ್ಬಿಯ ಮೇಲೆ ಕುಕ್ಕಿ ಹೋದಳಂತೆ. ಇಂಥವರನ್ನು ಏನು ಮಾಡಬೇಕು, ನೀವೇ ಹೇಳಿ. ನಾಲ್ಕು ಹೆಜ್ಜೆಯ ಅಂಗಳ ಬಿಟ್ಟು, ಒಬ್ಬರು ಹಿತ್ತಲು ಸುತ್ತಿ, ಇನ್ನೊಬ್ಬರು ಓಣಿ ಸುತ್ತಿ, ಬಂದರೂ ಸಿಗಲಿಲ್ಲ, ಹೋದರೂ ಸಿಗಲಿಲ್ಲ!

ಕೊನೆಗೆ ಇಬ್ಬರೂ ಒಂದೇ ಸಲ ಪಡಸಾಲೆಗೆ ನುಗ್ಗಿದರು. ಅವ್ವ ಅಪ್ಪನ ಕಡೆ ತಿರುಗಿ, "ಬನ್ನಿ ತಗೊಂಡು ಆಕಿ ಬಾಗಿಲಿಗೆ ಹೋದ್ರ ಎದ್ದು ಹೋಗ್ತಾಳ" ಎಂದಳು. ಕಾಕು ಕಾಕಾನ ಕಡೆ ತಿರುಗಿ, "ನಾನೇ ಹೋದ್ರೂ ಆಕಿ ಮನ್ಯಾಗ ಇರೂದಿಲ್ಲ" ಎಂದಳು. ಎರಡೂ ಮಾತು ಒಟ್ಟಿಗೇ ಬಂದು ಒಟ್ಟಿಗೇ ನಿಂತವು.

"ನೀನೂ ಬಂದಿದ್ದೇನು?" ಎಂದಳು ಅವ್ವ. ದೀಪ ಆರಿದ ಮೇಲೆ ಕಾಕುವಿಗೆ ಆಡಿದ ಮೊದಲ ಮಾತು ಅದು.

"ಹೂಂ ಮತ್ತ. ನಿನಗಿಂತ ಮೊದಲ."

"ಎಲ್ಲಿ ಮೊದಲ? ನಾ ಮೊದಲ ಬಂದೀನಿ. ನನ್ನ ಮಗಳನ್ನ ಕೇಳು."

"ನೀ ನನ್ನ ಮಗಳನ್ನ ಕೇಳು."

ಕಾಕಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. "ಮುಂಜಾನಿಂದ ಇಬ್ರೂ ಹಿರೇರಿದ್ರಿ, ಈಗ ಇಬ್ರೂ ಕಿರೇರಾದ್ರಿ? ಯಪ್ಪಾ, ದೇವದುರ್ಗಕ್ಕ ನಾ ಒಬ್ನೇ ಹೋಗ್ತೀನಿ ಬಿಡ್ರಿ!"

ಅಷ್ಟರಲ್ಲಿ ಹಾಲು ಸೀದ ವಾಸನೆ ಪಡಸಾಲೆಗೆ ಬಂತು. ನೋಡಿಕೊಳ್ಳಬೇಕಿದ್ದ ನಾನು ಅವ್ವನ ಹಿಂದೆಯೇ ಓಡಿ ಬಂದಿದ್ದೆನಲ್ಲ! ಇಬ್ಬರೂ ಎದ್ದೆನೋ ಬಿದ್ದೆನೋ ಎಂದು ಅಂಗಳ ದಾಟಿ ಓಡಿದರು, ಈ ಸಲ ನೆಟ್ಟಗಿನ ದಾರಿಯಲ್ಲೇ. ಒಬ್ಬಳು ಸ್ಟೋವ್ ಆರಿಸಿದಳು, ಇನ್ನೊಬ್ಬಳು ಸೆರಗಿನಿಂದ ಪಾತ್ರೆ ಇಳಿಸಿದಳು. ಒಳಗೆ ಬನ್ನಿ ಯಾರು ಯಾರಿಗೆ ಕೊಟ್ಟರು, ಕಾಲು ಯಾರು ಮುಟ್ಟಿದರು, ಒಬ್ಬರೂ ನೋಡಲಿಲ್ಲ. ಹೊರಗೆ ಬಂದಾಗ ಇಬ್ಬರ ತುರುಬಿನಲ್ಲೂ ಬನ್ನಿ ಎಲೆ ಇತ್ತು. ಹಾಲನ್ನು ಹುಡುಗಿಯ ಕೈಗೆ ಬಿಟ್ಟದ್ದು ಯಾರ ತಪ್ಪು ಎಂದು ಜಗಳ ಆಗಲೇ ಶುರುವಾಗಿತ್ತು. ಅಷ್ಟು ಇಂಪಾದ ಜಗಳವನ್ನು ನಾನು ಕೇಳಿಯೇ ಇಲ್ಲ.

ಮರುದಿನ ಮುಂಜಾನೆ ಕಾಕಾ ಮಾಲೀಕರ ಬಳಿ ಹೋಗಿ, ತಾನು ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಬಂದರು. ಸ್ಟೋವ್ ಅಡುಗೆಮನೆಗೆ ವಾಪಸಾಯಿತು. ಅಕ್ಕ ನನ್ನ ಕೌದಿಯ ಅರ್ಧ ಎಳೆದುಕೊಂಡು ಮಲಗಿದಳು. ಎಂದಿನಂತೆ ನನ್ನ ಕಾಲು ಹೊರಗೆ ಉಳಿದವು, ನಾನು ಅವಳತ್ತ ಇನ್ನಷ್ಟು ಸರಿದುಕೊಂಡೆ. ಅಜ್ಜಿ ಮಾನ್ವಿಯಿಂದ ಬಂದವರು ಕಾಲು ತೊಳೆಯುತ್ತಲೇ, "ಬನ್ನಿ ಮೊದಲ ಯಾರು ಕೊಟ್ರು?" ಎಂದು ಕೇಳಿಬಿಟ್ಟರು. ಮತ್ತೆ ಶುರು!

ಅಕ್ಕ ಮದುವೆಯಾಗಿ ಹೋದದ್ದು ಕೊನೆಗೆ ದೇವದುರ್ಗಕ್ಕೇ. ದೇವರು ಹಣೆಯಲ್ಲಿ ಬರೆದದ್ದನ್ನು ಅಳಿಸಲಿಲ್ಲ, ಕೆಲವು ವರ್ಷ ತಡೆದು ಕೊಟ್ಟ. ನನಗೆ ಅಷ್ಟೇ ಸಾಕಾಗಿತ್ತು.

ಈಗ ನಿಮ್ಮ ಕಾಲ, ಮೊಮ್ಮಕ್ಕಳೇ. ಬನ್ನಿ ಹಬ್ಬದ ದಿನ ಬೆಳಗಾಗುವುದರೊಳಗೆ ನಿಮ್ಮ ಅಪ್ಪಂದಿರ ಮೊಬೈಲಿನಲ್ಲಿ ಬನ್ನಿ ಎಲೆಯ ಚಿತ್ರಗಳು ರಾಶಿ ಬಿದ್ದಿರುತ್ತವೆ. ಬೆರಳು ಒತ್ತಿದರೆ ಹಿರಿಯರು, ಕಿರಿಯರು, ಗುರುತಿದ್ದವರು, ಇಲ್ಲದವರು, ಎಲ್ಲರಿಗೂ ಒಮ್ಮೆಗೇ ಹೋಗುತ್ತದೆ. ಬಗ್ಗುವ ಕೆಲಸವಿಲ್ಲ, ಹಿತ್ತಲು ಸುತ್ತುವ ಕೆಲಸವಿಲ್ಲ, ಮುಳ್ಳೂ ಚುಚ್ಚುವುದಿಲ್ಲ. ಒಳ್ಳೆಯದೇ. ಅಕ್ಕನ ಮುಖವನ್ನು ಅದೇ ಮೊಬೈಲಿನಲ್ಲಿ ದಿನಾ ನೋಡುತ್ತೇನೆ, ಇಲ್ಲ ಎನ್ನಲಾರೆ. ಆದರೆ ಊರೂರಿನಿಂದ ರಜೆಗೆಂದು ಬಂದು ಕೂಡಿದ ನೀವಿಬ್ಬರು, ಚಾರ್ಜರ್ ಯಾರದೆಂದು ನಿನ್ನೆಯಿಂದ ಮಾತು ಬಿಟ್ಟು ಒಂದೇ ಮಂಚದ ಎರಡು ತುದಿಯಲ್ಲಿ ಕೂತಿದ್ದೀರಿ. ನಾಡಿದ್ದು ಒಬ್ಬರು ಈ ರೈಲು, ಇನ್ನೊಬ್ಬರು ಆ ಬಸ್ಸು. ನನಗೆ ಹೇಳಿ ಹೇಳಿ ಸಾಕಾಗಿದೆ.

ನಾಳೆಯ ರೊಟ್ಟಿಗೆ ಜೋಳ ಹಸನು ಮಾಡಬೇಕು, ಕಲ್ಲು ಬಹಳ ಇವೆ. ಮನೆಯಲ್ಲಿರುವುದು ಒಂದೇ ಮೊರ, ಇಬ್ಬರು ಬಂದರೂ ಅದರ ಮುಂದೆಯೇ ಕೂರಬೇಕು. ಬರುವವರು ಬಂದು ಆರಿಸಲಿ, ನಾನಂತೂ ಕೂತೆ.